ಹೊಲಿಗೆಗೆ ಬಿಟ್ಟ ಇಂಚು

ಅಪ್ಪ ಗೆರೆಯ ಮೇಲೆ ಬಟ್ಟೆ ಕತ್ತರಿಸಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಬಳಪದಿಂದ ಗೆರೆ ಎಳೆದು, ಅದರಾಚೆ ಒಂದಿಂಚು ಬಿಟ್ಟುಕೊಂಡೇ ಅವರ ಕತ್ತರಿ ಓಡುತ್ತಿತ್ತು. ಆ ಇಂಚು ಹೊಲಿಗೆಗೆ. ಮುಂದೆ ತೊಟ್ಟವರ ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಿಕೊಡಲಿಕ್ಕೆ. ಈ ಅಭ್ಯಾಸ ಅವರ ಕೈಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಪೊಟ್ಟಣ ಕಟ್ಟುವ ಕಾಗದವನ್ನೂ ಒಂದಿಂಚು ಹೆಚ್ಚಿಗೆ ಕತ್ತರಿಸುತ್ತಿದ್ದರು.

ಅಮ್ಮ ನಗುತ್ತಿದ್ದಳು. "ನಿಮ್ಮಪ್ಪ ಉಗುರು ಕತ್ತರಿಸ್ಕೊಂಡ್ರೂ ಹೊಲಿಗೆಗೆ ಒಂದಿಂಚು ಬಿಡ್ತಾರೆ ನೋಡೇ ಗುಂಡಿ."

ಗುಂಡಿ ಅಂದರೆ ನಾನು. ಓದು ತಲೆಗೆ ಹತ್ತದೆ ಬೇಗ ಅಂಗಡಿಗೆ ಬಂದು ಕೂತವಳು. ಅಂಗಿಗಳಿಗೆ ಗುಂಡಿ ಹಾಕುವುದೇ ನನ್ನ ಕೆಲಸವಾಗಿದ್ದರಿಂದ ಆ ಹೆಸರು ಬಿತ್ತು. ಮುಖವೂ ಹಾಗೇ ದುಂಡಗಿತ್ತು ಅನ್ನಿ. ಬೀದಿಗೆ ತೆರೆದ ಒಂದು ಕೋಣೆ ಅಂಗಡಿ, ಅದರ ಹಿಂದಿನ ಎರಡು ಕೋಣೆ ಮನೆ. ಎಲ್ಲದಕ್ಕೂ ಸೇರಿ ಒಂದೇ ಬಾಗಿಲು. ಅಪ್ಪ ಅಳತೆ, ಕಟಿಂಗು, ಮೆಷಿನ್ನು. ಅಮ್ಮ ಅಂಚು ಮಡಿಸಿ ಕೈಹೊಲಿಗೆ ಹಾಕುವವಳು. ಕೆಲಸಕ್ಕೆ ಕೂತಳೆಂದರೆ ಮೊದಲು ಕತ್ತರಿಯ ಹಿಡಿಯನ್ನು ಬಟ್ಟೆ ಕತ್ತರಿಸುವ ಹಲಗೆಗೆ ಎರಡು ಸಲ ತಟ್ಟುತ್ತಿದ್ದಳು. ಟಕ್, ಟಕ್. ಕತ್ತರಿಗೆ ಅಂಟಿದ ದಾರದ ಚೂರು ಉದುರಲಿ ಅಂತ. ಮೊದಲನೆಯದು ಗಟ್ಟಿ, ಎರಡನೆಯದು ಮೆಲ್ಲಗೆ. ಕಣ್ಣು ಮುಚ್ಚಿ ಕೂತಿದ್ದರೂ ಅಮ್ಮ ಬಂದಳೆಂದು ಗೊತ್ತಾಗುತ್ತಿತ್ತು.

ಚಿಕ್ಕಮ್ಮ ಬಹಳ ದೂರದ ದೇಶದಲ್ಲಿದ್ದಳು. ಅವಳ ಹೆರಿಗೆಗೆಂದು ಅಮ್ಮ ಹೋಗಿ, ಮಗುವಿನ ತಲೆ ನಿಲ್ಲುವವರೆಗೂ ಇದ್ದು, ಹಿಂದಿರುಗುವ ದಿನ ಬಂತು. ಅವತ್ತು ಬೆಳಗಿನ ಐದಕ್ಕೆ ಚಿಕ್ಕಮ್ಮನ ಫೋನು.

"ಭಾವ, ಅಕ್ಕ ಹತ್ತಿ ಆಯ್ತು. ಅವಳ ವಿಮಾನ ರದ್ದಾಗಿಬಿಡ್ತು, ಬೇರೆ ಒಂದರಲ್ಲಿ ಜಾಗ ಕೊಟ್ಟಿದಾರೆ. ಎಲ್ಲೂ ನಿಲ್ಲದೆ ನೇರ ಬರುತ್ತಂತೆ. ಈಗ ತಾನೇ ಹಾರ್ತು. ಅಲ್ಲಿಗೆ ಎಷ್ಟೊತ್ತಿಗೆ ಬರುತ್ತೆ ಅಂದ್ರೆ…"

ಅಷ್ಟಕ್ಕೆ ಫೋನು ಸತ್ತಿತು. ಮತ್ತೆ ಹಚ್ಚಿದರೆ ತಾಗಲಿಲ್ಲ. ವಿಮಾನ ನಿಲ್ದಾಣಕ್ಕೆ ಹಚ್ಚಿದರೆ ಅಲ್ಲಿ ಯಾರೂ ಎತ್ತಲಿಲ್ಲ.

ನಮ್ಮೆದುರಿನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ನಾವು ಗಡಿಯಾರದ ಮಾಮ ಎನ್ನುತ್ತಿದ್ದೆವು. ಬೀದಿಯಲ್ಲಿ ಯಾರ ಮನೆ ಸುದ್ದಿಯಾದರೂ ಅವರ ಮೂಗು ಅಲ್ಲಿರಬೇಕು. ಅಂಗಡಿ ತೆರೆಯುವ ಮುಂಚೆಯೇ ಬಂದು ನಿಂತರು.

"ಇದೇನು ದೊಡ್ಡ ವಿಷಯ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀಯ? ವಿಮಾನ ಗಂಟೆಗೆ ಒಂಬೈನೂರು ಕಿಲೋಮೀಟರ್ ಹೋಗುತ್ತೆ. ದೂರ ಎಷ್ಟು ಅಂತ ಸಿಕ್ರೆ ಭಾಗಿಸಿ ಎಸೆದ್ರಾಯ್ತು."

"ದೂರ ಯಾರು ಹೇಳ್ತಾರೆ?" ಅಂದರು ಅಪ್ಪ.

"ನೀನೇ ಅಳಿ. ಊರವರ ಸೊಂಟ ಎಲ್ಲಾ ಅಳೀತೀಯ, ಭೂಮಿದೊಂದು ಅಳಿಯೋಕಾಗಲ್ವಾ?"

ಕಪಾಟಿನ ಮೇಲೊಂದು ಭೂಮಿಯ ಗೋಳವಿತ್ತು. ಶಾಲೆಯ ಸಮವಸ್ತ್ರ ಹೊಲಿದುಕೊಟ್ಟಾಗ ಹೆಡ್ಮೇಷ್ಟ್ರು ನನ್ನ ತಮ್ಮನಿಗೆಂದು ಕೊಟ್ಟಿದ್ದ, ಕಾಲು ಮುರಿದ ಗೋಳ. ತಮ್ಮ ಆಗ ಜಮೀನು ಅಳೆಯುವ ಕೆಲಸ ಕಲಿಯಲು ಬೇರೆ ಊರಲ್ಲಿದ್ದ. ಅಪ್ಪ ಅದನ್ನು ಇಳಿಸಿ ಧೂಳು ಒರೆಸಿ, ಹೊಟ್ಟೆಯ ಸುತ್ತ ಟೇಪು ಸುತ್ತಿದರು.

"ನಲವತ್ತು ಇಂಚು."

"ಭೂಮಿ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್. ಇದು ನನಗೆ ಬಾಯಿಪಾಠ," ಎಂದರು ಮಾಮ. "ನೋಡು, ಲೆಕ್ಕ ತಾನಾಗೇ ಬಂದು ಕಾಲಿಗೆ ಬಿತ್ತು! ಇಂಚಿಗೆ ಒಂದು ಸಾವಿರ. ಅಲ್ಲಯ್ಯ, ನಲವತ್ತು ಅಂದ್ರೆ ನಮ್ಮ ಬೇಕರಿಯವನ ಸೊಂಟದಷ್ಟೇ ಆಯ್ತಲ್ಲ."

"ಅವನಿಗೆ ನಲವತ್ತೆರಡು. ಭೂಮಿನೇ ವಾಸಿ."

ಅಪ್ಪ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಚಿಕ್ಕಮ್ಮನ ಊರಿನ ನಿಲ್ದಾಣದ ಮೇಲೊಂದು ಗುಂಡುಸೂಜಿ ಚುಚ್ಚಿದರು, ನಮ್ಮದರ ಮೇಲೊಂದು. ನಡುವೆ ಬಿಳಿ ದಾರ ಹಿಡಿದು ಬಿಗಿದಾಗ ಅದು ನಾವು ಅಂದುಕೊಂಡ ಕಡೆ ನಿಲ್ಲಲಿಲ್ಲ. ನುಣ್ಣಗೆ ಜಾರಿ, ಮೇಲೆ ಉತ್ತರದ ಹಿಮದ ಹತ್ತಿರ ಹೋಗಿ, ಅಲ್ಲಿಂದ ಸಮುದ್ರದ ಮೇಲೆ ಬಾಗಿ ಇಳಿಯಿತು. ಹತ್ತಿರದ ದಾರಿ ಅದೇ ಅಂದರು ಮಾಮ. ಅಪ್ಪ ದಾರ ಕತ್ತರಿಸಿ ತೆಗೆದು ಟೇಪಿಗೆ ಹಿಡಿದರು.

"ಹತ್ತು."

"ಹತ್ತು ಸಾವಿರ. ಭಾಗ ಒಂಬೈನೂರು." ಮಾಮ ಬಳಪ ಕಸಿದುಕೊಂಡು ಹಲಗೆಯ ಮೇಲೇ ಗೀಚಿದರು. "ಹನ್ನೊಂದು ಗಂಟೆ, ಮೇಲೊಂದಿಷ್ಟು ಚಿಲ್ಲರೆ. ಐದಕ್ಕೆ ಹೊರಟಿದ್ದಾಳೆ, ನಾಲ್ಕು ಕಳೆದ ಮೇಲೆ ಇಳೀತಾಳೆ. ಹೋಗು, ಗಡ್ಡ ಬೋಳಿಸ್ಕೋ. ಗುರುತು ಸಿಕ್ಕದೆ ಅದೇ ವಿಮಾನದಲ್ಲಿ ವಾಪಸ್ ಹೋದಾಳು."

ನಿಲ್ದಾಣಕ್ಕೆ ಅರ್ಧ ಗಂಟೆಯ ದಾರಿ. ಮೂರೂವರೆಗೆ ಹೊರಟರೆ ಸಾಕೆಂದಾಯಿತು. ಮೂರರ ಹೊತ್ತಿಗೆ ಮನೆ ಗುಡಿಸಿ ಒರೆಸಿ ಆಗಿತ್ತು. ಅಪ್ಪ ಒಳಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದೆ. ಅಂಗಡಿಯ ಕಡೆಯಿಂದ ಟಕ್, ಟಕ್ ಎಂದಿತು. ಅಮ್ಮ ಬರುವ ಸಂಭ್ರಮಕ್ಕೆ ಅಪ್ಪ ಇಸ್ತ್ರಿ ಬಿಟ್ಟು ಹೋಗಿ ಹುಡುಗಾಟ ಮಾಡುತ್ತಿದ್ದಾರೆಂದು ನನ್ನಷ್ಟಕ್ಕೆ ನಕ್ಕೆ. ಚಹಾ ಕುಡಿದೆವು. ಬಾಗಿಲೆಳೆದು ಅಪ್ಪ ಬೀಗ ಹಾಕಿದರು. ಎಂದಿನಂತೆ ಒಂದು ಸಲ ಜಗ್ಗಿ ನೋಡಿದರು.

ನಿಲ್ದಾಣದಲ್ಲಿ ಜನ ಗುಂಪು ಕಟ್ಟಿದ್ದರು. ಗೋಡೆಯ ಹಲಗೆಯ ಮೇಲೆ ಎಲ್ಲಾ ವಿಮಾನಗಳ ಸಾಲಿತ್ತು, ಅಮ್ಮನದರ ಸಾಲು ಮಾತ್ರ ಇರಲಿಲ್ಲ. ಅದು ಎಂದಿನ ವಿಮಾನವಲ್ಲ, ಅವತ್ತಿಗೆಂದು ಹೊರಡಿಸಿದ್ದು. ಒಬ್ಬರು ಮೂರಕ್ಕೆ ಬರಬೇಕಿತ್ತು ಅಂದರು, ಇನ್ನೊಬ್ಬರು ದಾರಿ ಬದಲಾಗಿದೆ, ಐದಾಗುತ್ತೆ ಅಂದರು. ಅಪ್ಪ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆಯವರು ತಂದ ಅಳತೆಗೆ ಅವರು ಎಂದೂ ಬಟ್ಟೆ ಕತ್ತರಿಸಿದವರಲ್ಲ. "ನಾಲ್ಕು ಕಳೀಲಿ," ಎಂದು ಕಂಬಕ್ಕೊರಗಿ ನಿಂತರು. ನಾಲ್ಕು ಕಳೆಯಿತು. ಐದೂ ಆಯಿತು. ಸಮವಸ್ತ್ರದ ಹೆಂಗಸೊಬ್ಬಳು ಬಂದು ನಮ್ಮನ್ನೆಲ್ಲ ಕುರ್ಚಿಗಳಿದ್ದ ಕೋಣೆಗೆ ಕರೆದುಕೊಂಡು ಹೋದಳು. ಅವಳ ತೋಳಿನ ಹೊಲಿಗೆ ಬಿಟ್ಟಿತ್ತು. ಅವಳು ಹೇಳಿದ ಮಾತಿಗಿಂತ ಆ ತೋಳೇ ನನಗೆ ನೆನಪಿದೆ.

ಸಮುದ್ರದ ಮೇಲೆ ಎಲ್ಲೋ ವಿಮಾನದಿಂದ ಬರುತ್ತಿದ್ದ ದನಿ ನಿಂತಿತ್ತಂತೆ. ಹಡಗುಗಳು ಹುಡುಕಿದವು. ಒಂದು ಚೂರೂ ಸಿಗಲಿಲ್ಲ.

ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಗುಂಡಿ, ಅವತ್ತು ನಾನು ಇಸ್ತ್ರಿ ಹಾಕ್ತಿದ್ದಾಗ ಕತ್ತರಿ ಯಾಕೆ ತಟ್ಟಿದೆ?"

"ತಟ್ಟಿದ್ದು ನೀವಲ್ವಾ?"

ತಟ್ಟೆ ತೊಳೆದಿಟ್ಟು ಬಂದಾಗ ಅಪ್ಪ ಮೆಲ್ಲಗೆ ಅಂದರು, "ಆಗ ಅವಳು ಇನ್ನೂ ಮೇಲಿದ್ದಳು. ಇಳಿಯೋಕೆ ಒಂದು ಗಂಟೆ ಬಾಕಿ ಇತ್ತು. ಕೂತಲ್ಲೇ ಮನೆ ನೆನೆಸ್ಕೊಂಡಿದ್ದಾಳೆ."

ಮಾರನೆಯ ದಿನದಿಂದ ಆ ಹೊತ್ತು ಅಪ್ಪನದಾಯಿತು. ಮೂರಾಯಿತೆಂದರೆ ಮೆಷಿನ್ನಿನಿಂದ ಕಾಲು ತೆಗೆದು, ಹಲಗೆಯ ಆ ಬದಿಗೆ ಅಮ್ಮನ ಕುರ್ಚಿ ಎಳೆದು, ಅವಳು ಅರ್ಧ ಅಂಚು ಹಾಕಿ ಬಿಟ್ಟುಹೋಗಿದ್ದ ನೀಲಿ ಲಂಗವನ್ನು ಅದರೆದುರಿಗೆ ಇಡುತ್ತಿದ್ದರು. ಪಕ್ಕದಲ್ಲಿ ಬಾಯಿ ಮುಚ್ಚಿದ ಕತ್ತರಿ. ಆಮೇಲೆ ಸುಮ್ಮನೆ ಕೂರುವುದು. ಕೆಲವೊಮ್ಮೆ ಮಾತು. "ಈ ಜರಡಿಯಂಥ ಬಟ್ಟೆಗೆ ಒಳಪದರ ಕೊಡದೆ ಹೊಲೀರಿ ಅಂತಾರಲ್ಲೇ," ಎಂದು ಕುರ್ಚಿಯ ಕಡೆಗೆ. ಒಮ್ಮೊಮ್ಮೆ, ನಾನು ಗುಂಡಿಯ ದಾರ ಹಲ್ಲಿನಲ್ಲಿ ಕಡಿಯುವಾಗ, ಟಕ್, ಟಕ್ ಎನ್ನುತ್ತಿತ್ತು. ನಾನು ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲಿ ಯಾರೂ ಇರುವುದಿಲ್ಲವೋ ಎಂಬ ಹೆದರಿಕೆ. ನಾಲ್ಕು ದಾಟಿತೆಂದರೆ ಅಪ್ಪ ಎದ್ದು ಕುರ್ಚಿಯನ್ನು ಗೋಡೆಗೆ ಸರಿಸುವರು. ಆಗ ಅವರ ಮುಖ ನೋಡಲಿಕ್ಕಾಗುತ್ತಿರಲಿಲ್ಲ. ದಿನಾ ನಾಲ್ಕರ ನಂತರ ಅವಳು ಮತ್ತೆ ಕಾಣೆಯಾಗುತ್ತಿದ್ದಳು.

ದಾರವನ್ನು ಗೋಳದ ಪಕ್ಕದ ಮೊಳೆಗೆ ನೇತುಹಾಕಿದ್ದರು. ಗೋಳಕ್ಕೆ ಚುಚ್ಚಿದ ಸೂಜಿಗಳನ್ನೂ ತೆಗೆದಿರಲಿಲ್ಲ.

ಗಿರಾಕಿಗಳು ಹೊಂದಿಕೊಂಡರು. "ಮೂರರ ಮೇಲೆ ನಿಮ್ಮಪ್ಪ ಮಹಾರಾಜರು ಕಣಮ್ಮ, ದರ್ಶನ ಇಲ್ಲ," ಎಂದು ಬೇಕರಿಯವರ ಹೆಂಡತಿ ಹೊರಗಿನಿಂದಲೇ ಚೀಲ ಕೊಟ್ಟು ಹೋಗುತ್ತಿದ್ದಳು. ಒಳಗೆ ಮಾತ್ರ ಬರುತ್ತಿರಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಗಡಿಯಾರದ ಮಾಮ ತೀರಿಕೊಂಡರು. ನನ್ನ ತಲೆಯಲ್ಲೂ ಬಿಳಿ ಕಾಣಿಸಿತು. ಅಪ್ಪನ ಕಣ್ಣಿಗೆ ಪೊರೆ ಬರತೊಡಗಿತು. ಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದರು. ಆಮೇಲೆ ಒಂದು ದಿನ ಕಪ್ಪು ಕೋಟಿಗೆ ನೀಲಿ ತೋಳು ಕೂರಿಸಿಬಿಟ್ಟರು. ನಾನು ಸುಮ್ಮನೆ ಬಿಚ್ಚಿ ಸರಿಮಾಡಿದೆ. ಆದರೆ ಅವರ ಬೆರಳುಗಳಿಗೆ ಗೊತ್ತಾಗಿತ್ತು.

ಕಣ್ಣಿನ ಡಾಕ್ಟರು ಒಬ್ಬರೇ, ಅವರು ಕೂರುತ್ತಿದ್ದುದೇ ಮಧ್ಯಾಹ್ನ ಮೂರರಿಂದ. ತಡಮಾಡಿದರೆ ನೋಟ ಪೂರ್ತಿ ಹೋಗುತ್ತದೆ ಎಂದು ಹೇಳಿಕಳಿಸಿದ್ದರು. ಅಪ್ಪ ಜಪ್ಪಯ್ಯ ಅನ್ನಲಿಲ್ಲ.

ತಮ್ಮ ಬಂದ. ಜಮೀನು ಅಳೆದೂ ಅಳೆದೂ ಬಿಸಿಲಿಗೆ ಕಪ್ಪಾಗಿದ್ದ.

"ಬೆಳಿಗ್ಗೆ ಬರ್ತಾರೇನು ಡಾಕ್ಟ್ರು, ಕೇಳು," ಎಂದರು ಅಪ್ಪ.

"ಬರಲ್ಲ ಅಪ್ಪ. ಮೂರಕ್ಕೇ ಹೋಗ್ಬೇಕು."

"ಹಾಗಾದ್ರೆ ಬೇಡ. ಆ ಹೊತ್ತಲ್ಲಿ ನಾನು ಇಲ್ದೆ ಹೋದ್ರೆ ಅವಳು ಎಲ್ಲಿಗೆ ಬರ್ಬೇಕು?"

ತಮ್ಮ ಕೋಪಕ್ಕೋ ದುಃಖಕ್ಕೋ ಎದ್ದು ಕಪಾಟಿನ ಹತ್ತಿರ ಹೋಗಿ ಗೋಳವನ್ನು ತಿರುಗಿಸುತ್ತಾ ನಿಂತ. ಮೊಳೆಯಿಂದ ದಾರ ತೆಗೆದು ಎರಡು ಸೂಜಿಗಳ ನಡುವೆ ಹಿಡಿದ. ಆಮೇಲೆ ನನ್ನನ್ನು ಒಳಕ್ಕೆ ಕರೆದ.

"ಅಕ್ಕ, ಈ ದಾರ ಉದ್ದ ಇದೆ. ಸೂಜಿಯಿಂದ ಸೂಜಿಗೆ ಒಂಬತ್ತೇ ಇಂಚು. ದಾರ ಹತ್ತು."

ಕೇಳಿದ ಗಳಿಗೆಗೇ ನನಗೆ ತಿಳಿದುಹೋಯಿತು. ನನ್ನ ಕಣ್ಣೆದುರೇ ಅಪ್ಪನ ಕತ್ತರಿ ಮತ್ತೆ ಸೂಜಿಯನ್ನು ದಾಟಿ ಆಚೆ ಹೋಯಿತು. ಗೆರೆಯ ಮೇಲೆ ಕತ್ತರಿಸದ ಕೈ. ಹೊಲಿಗೆಗೆ ಬಿಟ್ಟ ಇಂಚು.

"ಒಂಬತ್ತು ಸಾವಿರ ಅಂದ್ರೆ ಹತ್ತು ಗಂಟೆ," ಎಂದ ತಮ್ಮ. "ವಿಮಾನ ಬರ್ಬೇಕಾಗಿದ್ದು ಮೂರಕ್ಕೆ. ನಾಲ್ಕಕ್ಕಲ್ಲ. ಮೂರರ ಮೇಲೆ ಅದು ಆಕಾಶದಲ್ಲಿ ಇರೋಕೆ ಸಾಧ್ಯವೇ ಇರ್ಲಿಲ್ಲ. ಇಷ್ಟು ವರ್ಷ ಅಪ್ಪ ಕಾಯ್ತಿರೋ ಹೊತ್ತು ಇದೆಯಲ್ಲ, ಅದು ಇಲ್ಲವೇ ಇಲ್ಲ."

"ಹೇಳ್ಬೇಡ," ಅಂದೆ.

"ಕಣ್ಣು ಹೋಗುತ್ತೆ ಅಕ್ಕ."

"ಹೋಗ್ಲಿ. ಅದೊಂದು ಗಂಟೆ ಅವರಿಗಿರೋದು. ಅದನ್ನೂ ಕಿತ್ಕೋಬೇಡ."

"ಕುರುಡಾದ ಮೇಲೆ ಹೊಲಿಯೋದೇನು? ಹೊಲಿಗೆ ಇಲ್ದೆ ಅಪ್ಪ ಉಳೀತಾರಾ? ನೀನೇ ಹೇಳು."

ತಮ್ಮ ಅಪ್ಪನ ಎದುರು ಕೂತು, ಗೋಳವನ್ನು ಅವರ ಮಡಿಲಿಗಿಟ್ಟು, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದ. ಅಪ್ಪ ಕುತ್ತಿಗೆಯಲ್ಲಿದ್ದ ಟೇಪು ತೆಗೆದು, ಬೆರಳಿನಿಂದ ಸೂಜಿಯ ತಲೆ ಹುಡುಕಿ, ಹಿಮದ ಮೇಲಿಂದ ಬಳಸಿ ಇನ್ನೊಂದು ಸೂಜಿಗೆ ಮುಟ್ಟಿಸಿದರು. ಕಣ್ಣಿಗೆ ಅಂಕಿ ಕಾಣದೆ ಟೇಪನ್ನು ನನ್ನತ್ತ ಚಾಚಿದರು.

"ಗುಂಡಿ, ಎಷ್ಟು?"

"ಒಂಬತ್ತು ಅಪ್ಪ."

ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು.

"ಕೈಯ ಚಾಳಿ," ಎಂದರು ಅಪ್ಪ. "ಒಂದಿಂಚು ಬಿಟ್ಟುಬಿಟ್ಟಿದೀನಿ."

"ಹೋಗ್ಲಿ ಬಿಡಿ ಅಪ್ಪ."

"ಹಾಗಾದ್ರೆ ನಾವು ಚಹಾ ಕುಡೀವಾಗ ಅವಳು ಮೇಲೆ ಇರ್ಲಿಲ್ಲ."

"ಇಲ್ಲ ಅಪ್ಪ."

ಅಪ್ಪ ತಲೆ ಎತ್ತಿದರು. ಪೊರೆ ಕಟ್ಟಿದ ಆ ಕಣ್ಣುಗಳು ತಮ್ಮನನ್ನು ದಾಟಿ ಹಲಗೆಯ ಕಡೆಗೆ ನೋಡಿದವು.

"ಅಂದ್ರೆ ಅವಳು ಬರ್ಬೇಕಾದ ಹೊತ್ತಿಗೆ, ಮೂರಕ್ಕೇ ಬಂದಿದ್ದಳು. ಬಂದು, ಕೂತು, ಕತ್ತರಿ ತಟ್ಟಿ ಹೇಳಿದ್ದಾಳೆ, ಬಂದೆ ಅಂತ. ನಾವು ಅವಳನ್ನ ಒಳಗೆ ಹಾಕಿ ಬೀಗ ಜಡಿದು, ಅವಳನ್ನೇ ಕರ್ಕೊಂಡ್ ಬರೋಕೆ ಹೋಗ್ಬಿಟ್ವಿ."

ಬೀಗ ಜಗ್ಗಿ ನೋಡಿದ ಅಪ್ಪನ ಕೈ, ಆಗಿನ ಬಿಸಿಲು, ಎಲ್ಲ ನನಗೆ ಹಾಗ್ಹಾಗೇ ಕಂಡಿತು. ಅವತ್ತು ನಿಲ್ದಾಣದಿಂದ ಬಂದು ಬಾಗಿಲು ತೆಗೆದಾಗ ಕತ್ತಲಾಗಿತ್ತು. ಅಷ್ಟು ಹೊತ್ತು ಅವಳು ಒಬ್ಬಳೇ.

"ನಾಳೆ ಡಾಕ್ಟ್ರ ಹತ್ರ ಹೋಗೋಣ," ಎಂದರು ಅಪ್ಪ. ಅವರ ದನಿಯಲ್ಲಿ ಎಷ್ಟೋ ವರ್ಷಗಳಿಂದ ಇಲ್ಲದ ಹಗುರವಿತ್ತು. "ಮನೇಲೇ ಇರೋಳನ್ನ ಕಾಯೋದೇನು. ಬೀಗ ಮಾತ್ರ ಹಾಕ್ಬೇಡಿ. ಒಳಗೆ ಅವಳಿದಾಳೆ."

ಮರುದಿನ ಎರಡೂವರೆಗೆ ಹೊರಟೆವು. ಅಪ್ಪನ ಕೈಹಿಡಿದು ನಾನು ಮುಂದೆ ನಡೆದೆ. ತಮ್ಮ ಹಿಂದುಳಿದು ಓಡುತ್ತಾ ಬಂದು ಸೇರಿಕೊಂಡ. ಬಾಗಿಲು ಮುಂದೆ ಮಾಡಿ ಬಂದಿರಬೇಕೆಂದುಕೊಂಡೆ. ಡಾಕ್ಟರು ಒಂದು ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದರು. ಇನ್ನೊಂದು ಮುಂದಿನ ತಿಂಗಳು ಎಂದರು. ದಾರಿಯುದ್ದಕ್ಕೂ ಅಪ್ಪ ತಮಾಷೆ ಮಾಡುತ್ತಾ ಬಂದರು. "ನಿಮ್ಮಮ್ಮ ಈ ಪಟ್ಟಿ ನೋಡಿದ್ರೆ ಹೊಲಿಗೆ ಸೊಟ್ಟ ಅಂತಾಳೆ."

ನಮ್ಮ ಬೀದಿಗೆ ಬಂದಾಗ ಬಿಸಿಲು ಇಳಿದಿತ್ತು. ಅಪ್ಪ ನನ್ನ ಕೈ ಬಿಡಿಸಿಕೊಂಡು, ತಡವರಿಸುತ್ತ ಎರಡು ಮೆಟ್ಟಿಲು ಹತ್ತಿ ಬಾಗಿಲಿಗೆ ಕೈಯಿಟ್ಟರು. ಕೈ ಅಲ್ಲೇ ನಿಂತಿತು. ಬೆರಳಿಗೆ ಬೀಗ ಸಿಕ್ಕಿತ್ತು.

"ಯಾರು ಹಾಕಿದ್ದು?"

ತಮ್ಮ ಕಿಸೆ ಮುಟ್ಟಿಕೊಂಡ. "ಗಿರಾಕಿಗಳ ಬಟ್ಟೆ ಎಲ್ಲ ಒಳಗಿತ್ತಲ್ಲ ಅಪ್ಪ. ತೆರೆದಿಟ್ಟು ಹೇಗೆ…"

ಅಪ್ಪ ಬೈಯಲಿಲ್ಲ. ಬೀಗವನ್ನು ಅಂಗೈಯಲ್ಲಿ ಹಿಡಿದುಕೊಂಡು, ತಣ್ಣಗೆ, ಬಾಗಿಲಿಗೆ ಬಾಯಿ ಹಚ್ಚಿ ಹೇಳಿದರು. "ಇನ್ನೊಂದು ಸಲ ಹೀಗಾಯ್ತು ಕಣೇ."

ಒಳಗಿನಿಂದ ಟಕ್ ಎಂದಿತು. ಆಮೇಲೆ, ಮೆಲ್ಲಗೆ, ಇನ್ನೊಂದು.

ನಾನು ಎಷ್ಟೋ ಸಲ ಕೇಳಿದ ಸದ್ದು. ಅಮ್ಮ ಹೋದ ಮೇಲೆ ತಮ್ಮ ಕೇಳಿದ್ದು ಅದೇ ಮೊದಲು. ಸಣ್ಣವನಿದ್ದಾಗ ಆ ಸದ್ದಿಗೆ ನಿದ್ದೆ ಮಾಡಿ, ಆ ಸದ್ದಿಗೇ ಎದ್ದವನು. ಕಿಸೆಯಿಂದ ಕೀಲಿ ತೆಗೆದ, ಆದರೆ ಬೀಗದ ಕಂಡಿ ಅವನ ಕೈಗೆ ಸಿಗಲಿಲ್ಲ. ಕೀಲಿ ಬೀಗದ ಮೈಗೆ ಕಟಕಟ ಬಡಿಯುತ್ತಿತ್ತು. ಕೊನೆಗೆ ಪಟ್ಟಿ ಕಟ್ಟಿದ ಅಪ್ಪನೇ ಅವನ ಕೈಯ ಮೇಲೆ ಕೈಯಿಟ್ಟು ಬೀಗ ತೆಗೆಸಿದರು.

ಒಳಗೆ ಯಾರೂ ಇರಲಿಲ್ಲ. ಅಂಗಡಿ ನಾವು ಬಿಟ್ಟುಹೋದಂತೆಯೇ ಇತ್ತು. ಕುರ್ಚಿ ಗೋಡೆಯ ಹತ್ತಿರವೇ ಇತ್ತು. ನೀಲಿ ಲಂಗದ ಅಂಚಿನಲ್ಲಿ ಸೂಜಿ ಸಿಕ್ಕಿಸಿದಲ್ಲೇ ಇತ್ತು. ಕತ್ತರಿ ಮಾತ್ರ ಹಲಗೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಅಪ್ಪ ಜೀವಮಾನದಲ್ಲಿ ಕತ್ತರಿಯ ಬಾಯಿ ತೆರೆದಿಟ್ಟವರಲ್ಲ. ತಮ್ಮ ಅದನ್ನೇ ನೋಡುತ್ತಾ ಹೊಸ್ತಿಲ ಮೇಲೆ ಕುಸಿದು ಕೂತ. ಅವನು ಅತ್ತದ್ದು ಅಮ್ಮ ಹೋದಾಗಲ್ಲ, ಅವತ್ತು.

ಅಪ್ಪ ನೇರ ಹೋಗಿ ಕುರ್ಚಿಯನ್ನು ಹಲಗೆಗೆ ಎಳೆದರು. ನಾಲ್ಕು ದಾಟಿಹೋಗಿತ್ತು. ಆದರೂ ಎಳೆದರು. ಮತ್ತೆ ಗೋಡೆಗೆ ಸರಿಸಲೇ ಇಲ್ಲ.

ಎರಡೂ ಕಣ್ಣಿಗೆ ನೋಟ ಬಂದ ಮೇಲೆ ಅಪ್ಪ ಬಹಳ ಕಾಲ ಹೊಲಿದರು. ಮೂರರಿಂದ ನಾಲ್ಕರವರೆಗೂ ಮೆಷಿನ್ನು ಓಡುತ್ತಿತ್ತು. ಬೇಕರಿಯವರ ಹೆಂಡತಿ ಒಳಗೆ ಬಂದು ಕೂತು ಹರಟತೊಡಗಿದಳು. ಅಮ್ಮನ ಕುರ್ಚಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಬೀಗವನ್ನು ಅಪ್ಪ ಎತ್ತಿ ಎಲ್ಲಿಟ್ಟರೋ ನಾನು ಹುಡುಕಲಿಲ್ಲ. ಒಂದು ನಡುಮಧ್ಯಾಹ್ನ ಮೆಷಿನ್ನಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಅವತ್ತು ಸದ್ದು ಕೇಳಿಸಿತೇ ಎಂದು ತಮ್ಮ ನನ್ನನ್ನು ಕೇಳಿದ. ನಾನು ಹೇಳಲಿಲ್ಲ.

ಈಗ ಅಂಗಡಿ ನನ್ನದು. ಮೊನ್ನೆ ತಮ್ಮನ ಮಗಳು ಬಂದಿದ್ದಳು. ಗೋಳ, ಸೂಜಿ, ದಾರ ಕಂಡು ಇದೇನೆಂದು ಕೇಳಿದಳು. ಹೇಳಿದೆ. ಫೋನಿನಲ್ಲಿ ಎರಡು ನಿಲ್ದಾಣಗಳ ಹೆಸರು ಒತ್ತಿದಳು. ರೆಪ್ಪೆ ಬಡಿಯುವುದರೊಳಗೆ ಅದು ಗೋಳದ ಚಿತ್ರವನ್ನೂ ತೋರಿಸಿತು. ಹಿಮದ ಮೇಲಿಂದ ಬಾಗಿ ಬರುವ ಒಂದು ಗೆರೆ, ಅಪ್ಪನ ದಾರ ಜಾರಿ ನಿಂತ ಜಾಗದಲ್ಲೇ.

"ಒಂಬತ್ತು ಸಾವಿರದ ಹತ್ತಿರ ಹತ್ತಿರ ಅತ್ತೆ. ಹತ್ತು ಗಂಟೆ ಪ್ರಯಾಣ. ಅಪ್ಪ ಅಳೆದಿದ್ದು ಸರಿ, ತಾತ ಹೇಳಿದ್ದು ತಪ್ಪು."

"ತಾತನ ಇಂಚೂ ಬೇಕಾಗಿತ್ತು ಬಿಡು," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆ ಒಂದಿಂಚು ಇಲ್ಲದಿದ್ದರೆ ನಾವು ಮೂರಕ್ಕೇ ನಿಲ್ದಾಣದಲ್ಲಿರುತ್ತಿದ್ದೆವು. ಅಮ್ಮ ಬಂದಾಗ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಹುಡುಗಿಯನ್ನು ಬಸ್ಸಿಗೆ ಬಿಡಲು ಹೊರಟೆ. ಅವಳು ಬಾಗಿಲ ಬಳಿ ಹಿಂದಿರುಗಿ ನೋಡಿದಳು.

"ಅತ್ತೆ, ಬೀಗ?"

"ಬೇಡ. ಇದ್ದಾರೆ."

ಅವಳು ಒಳಗೆ ಇಣುಕಿದಳು. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.